ಗಾಜಿನ ತಟ್ಟೆಯಲ್ಲಿದ್ದ ನಮ್ಮ ಯಜಮಾನರ ಕಡೆಯವರ ಬಗ್ಗೆ

ಹಳೆ ಬಂದರು ಕಟ್ಟೆ, ಫ್ಲಾರ್ಡಿಂಗನ್
ಜೂನ್ ತಿಂಗಳ ಕೊನೆಯ ವಾರ

ಆಹಾರ ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥರಾದ ಡಾಕ್ಟರ್ ಬೋಲ್‌ಹೌಸ್ ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ಬಿಳಿ ಕೋಟಿನ ತಮ್ಮ ಸಹೋದ್ಯೋಗಿಗಳಿಗೂ, ತಮ್ಮ ಬೆಚ್ಚನೆಯ ಪೆಟ್ಟಿಗೆಗಳಲ್ಲಿ ಸದ್ಯಕ್ಕೆ ಬಿಡಾರ ಹೂಡಿರುವ ಅಷ್ಟೂ ಕೋಟಿ ಜೀವಿಗಳಿಗೂ ಹಳೆ ಬಂದರಿನ ಕಟ್ಟೆಯಿಂದ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಕೊನೆಯಲ್ಲಿ ಹೆಸರಿಸಿದವರು ಮಾತ್ರ ಅಷ್ಟು ಕ್ಷೇಮವಾಗಿಲ್ಲವೆಂದು ತಮ್ಮ ವರದಿಯಿಂದಲೇ ತಿಳಿದುಬಂದಿರುವುದರಿಂದ, ದಿನಚರಿಯಲ್ಲಿ ಗಾಳಿ ಯಾವ ಕಡೆಯಿಂದ ಬೀಸಿತೆಂದು ಎರಡು ಸಾಲು ಗೀಚುವುದು ಬಿಟ್ಟರೆ ಬರೆದು ಅಭ್ಯಾಸವಿಲ್ಲದ ನಾನು ಈ ಕಾಗದ ಬರೆಯುವ ಧೈರ್ಯ ಮಾಡಿದ್ದೇನೆ. ನಮ್ಮ ಬಂದರಿನ ವಾರಪತ್ರಿಕೆಯವರು ಇದನ್ನು ಅಚ್ಚು ಹಾಕಲು ಒಪ್ಪಿದ್ದಾರೆ. ಹಾಗಾಗಿ ತಾವು ಓದದಿದ್ದರೂ ಊರು ಓದುತ್ತದೆ.

ನನ್ನ ದೂರು ಬಹಳ ಚಿಕ್ಕದು. ತಮ್ಮ ವರದಿಯ ತಳದಲ್ಲಿ, ಕನ್ನಡಕ ಹಾಕಿಕೊಂಡರೂ ಕಾಗದವನ್ನು ದೂರ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, "ಪರೀಕ್ಷೆ ಮುಗಿದ ಮಾದರಿಗಳನ್ನು ಹಬೆಯಲ್ಲಿ ನಾಶಪಡಿಸಲಾಗಿದೆ" ಎಂದು ಬರೆದಿದ್ದೀರಿ. ಆ ಮಾದರಿಗಳು ನನ್ನ ಗಂಡ ವೈಬ್ರಾಂಡ್ ಕೋರ್ವಿಂಗ್ ಅವರ ಚಾಕುವಿನ ಹಿಡಿಯಲ್ಲಿ ವಾಸವಾಗಿದ್ದವು. ಅಂದರೆ, ತಾವು ನಾಶಪಡಿಸಿದ್ದು ನಮ್ಮ ಯಜಮಾನರ ಕಡೆಯವರನ್ನು. ಸಾವಿನ ಸುದ್ದಿ ತಿಳಿಸುವ ಬೂದು ಅಂಚಿನ ಒಂದು ಕಾರ್ಡಿಲ್ಲ, ಮಣ್ಣು ಮಾಡಿ ಬಂದವರಿಗೆ ಕೊಡುವ ಒಂದು ಲೋಟ ಕಾಫಿಯಿಲ್ಲ, ಒಂದು ತುಂಡು ಕೇಕಿಲ್ಲ. ನಮ್ಮ ಊರಿನಲ್ಲಿ ಯಾರೂ ಹೀಗೆ ಹೋಗುವುದಿಲ್ಲ ಸ್ವಾಮಿ.

ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ವೈಬ್ರಾಂಡ್ ಈ ಕಟ್ಟೆಯ ಮೇಲೆ ಹೆರಿಂಗ್ ಮೀನಿನ ಗಾಡಿ ಇಟ್ಟುಕೊಂಡಿದ್ದರು. ಉಪ್ಪಿನಲ್ಲಿ ಹದವಾದ ಮೀನನ್ನು ಗಿರಾಕಿಯ ಕಣ್ಣೆದುರೇ ಸೀಳಿ, ಕರುಳು ತೆಗೆದು, ಚರ್ಮ ಸುಲಿದು, ಮುಳ್ಳು ಎಳೆದು, ಬಾಲ ಮಾತ್ರ ಬಿಟ್ಟು ಕೈಗೆ ಕೊಡುವುದು ಅವರ ಕೆಲಸ. ಅದಕ್ಕೆ ಅವರು ಬಳಸುತ್ತಿದ್ದುದು ಮರದ ಹಿಡಿಯ ಒಂದೇ ಒಂದು ಮೋಟು ಚಾಕು. ಹಿಡಿಯ ಪಕ್ಕದಲ್ಲಿ ಅವರ ಹೆಬ್ಬೆರಳು ಕೂತು ಕೂತು ಒಂದು ಕುಳಿ ಬಿದ್ದಿತ್ತು. ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಗಾಡಿಯನ್ನು ನಾನೂ ಅವರ ತಂಗಿ ನೀಲ್ಚೆಯೂ ನಡೆಸಿದೆವು. ಮೀನು ಸೀಳುವುದು ನನ್ನ ಪಾಲಿಗೆ, ಮಾತಾಡುವುದು ನೀಲ್ಚೆಯ ಪಾಲಿಗೆ ಬಂದಿತು. ನನ್ನ ಹೆಬ್ಬೆರಳು ಆ ಕುಳಿಗೆ ದೊಡ್ಡದಾಗುತ್ತಿರಲಿಲ್ಲ, ಚಿಕ್ಕದಾಗುತ್ತಿತ್ತು. ಅದರಲ್ಲಿ ಇನ್ನೂ ಸ್ವಲ್ಪ ಜಾಗ ಉಳಿಯುತ್ತಿತ್ತು.

ಏಪ್ರಿಲ್‌ನಲ್ಲಿ ತಮ್ಮ ಕಡೆಯಿಂದ ತಪಾಸಣಾಧಿಕಾರಿಗಳಾದ ಶ್ರೀ ಹೋಯ್ಟಿಂಗಾ ಅವರು ಬಂದರು. ಅವರ ಎತ್ತರವನ್ನೂ ವಿನಯವನ್ನೂ ನಾನು ಇಲ್ಲಿ ಮೆಚ್ಚಿಕೊಳ್ಳಲೇಬೇಕು. ಗಾಡಿಯ ಛಾವಣಿಗೆ ತಲೆ ತಾಗದಂತೆ ಬಗ್ಗಿದವರು ಹೋಗುವವರೆಗೂ ಬಗ್ಗಿಯೇ ಇದ್ದರು. ನೆಲ ನೋಡಿದರು, ನಲ್ಲಿ ನೋಡಿದರು, ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ತಲೆಯಾಡಿಸಿದರು. ಎಲ್ಲವೂ ಚೆನ್ನಾಗಿದೆ ಎನ್ನುವಷ್ಟರಲ್ಲಿ ಚಾಕುವನ್ನು ಕೈಗೆತ್ತಿಕೊಂಡರು.

"ಅಮ್ಮಾ, ಇದು ಎಷ್ಟು ಹಳೇದು?"

ಉತ್ತರ ಕೊಟ್ಟವಳು ನೀಲ್ಚೆ. "ಇವರ ಮದುವೆಗಿಂತ ಹಳೇದು ಸಾಹೇಬ್ರೇ. ಮದುವೆ ಮುಗೀತು, ಚಾಕು ಇನ್ನೂ ಗಟ್ಟಿಯಾಗಿದೆ."

"ಹಿಡೀಲಿ ಬಿರುಕಿದೆಯಲ್ಲ."

"ನಿಮ್ಮ ಹಣೇಲೂ ಗೆರೆ ಇದೆ. ನಾವೇನಾದ್ರೂ ಅಂದ್ವಾ?"

ಸಾಲಿನಲ್ಲಿ ಮೊದಲು ನಿಂತಿದ್ದವರು ನಿವೃತ್ತ ಟ್ರಾಮ್ ಚಾಲಕರಾದ ಆರ್ನೌಟ್. ಅವರಿಗೆ ಐವತ್ತು ವರ್ಷ ಸಮಯಕ್ಕೆ ಸರಿಯಾಗಿ ಹೊರಟು ಅಭ್ಯಾಸ. "ನೀಲ್ಚೆ, ಸಾಹೇಬ್ರನ್ನ ಬಿಡೇ. ನನ್ನ ಮೀನು ಬಿಸಿಲಿಗೆ ಸಾಯ್ತಾ ಇದೆ."

"ಅದು ಹೋದ ವರ್ಷಾನೇ ಸತ್ತಿದೆ. ಸುಮ್ನೆ ನಿಂತ್ಕೊಳ್ಳಿ ಯಜಮಾನ್ರೇ."

ಈ ಸದ್ದಿನ ನಡುವೆಯೇ ಶ್ರೀ ಹೋಯ್ಟಿಂಗಾ ಅವರು ಒಂದು ಹತ್ತಿಕಡ್ಡಿಯನ್ನು ಹಿಡಿಯ ಬಿರುಕಿನಲ್ಲಿ, ಮಗುವಿನ ಕಿವಿ ಒರೆಸುವಷ್ಟು ಹುಷಾರಾಗಿ ಓಡಿಸಿ, ಕೊಳವೆಯೊಂದರಲ್ಲಿ ಮುಚ್ಚಿಟ್ಟುಕೊಂಡು ಹೊರಟುಹೋದರು.

ಅನಂತರ ತಮ್ಮ ಮೊದಲ ವರದಿ ಬಂತು. ಹಿಡಿಯಲ್ಲಿ ಎರಡು ಥರದವರು ಸಿಕ್ಕಿದ್ದಾರೆ ಎಂದು ತಾವು ತಿಳಿಸಿದ್ದಿರಿ. ಒಂದು, ಲಿಸ್ಟೀರಿಯಾ ಎಂಬ ಕೆಟ್ಟ ಮನೆತನದ ಬ್ಯಾಕ್ಟೀರಿಯಾ. ಇನ್ನೊಂದು, ಮನುಷ್ಯರ ಚರ್ಮದ ಮೇಲೆ ಯಾವಾಗಲೂ ವಾಸವಾಗಿರುವ ನಿರುಪದ್ರವಿ ಬ್ಯಾಕ್ಟೀರಿಯಾ. ಜೊತೆಗೆ ಗಾಜಿನ ತಟ್ಟೆಯ ಒಂದು ಫೋಟೋ. ಜೆಲ್ಲಿಯಂಥ ಹಾಸಿನ ಮೇಲೆ ಕೆನೆ ಬಣ್ಣದ ದುಂಡು ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಕೂತಿದ್ದವು. ನೀಲ್ಚೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅತ್ತಿಗೆ, ಅಣ್ಣನ ಮೂಗಿನ ಮೇಲೆ ಬೇಸಿಗೇಲಿ ಏಳ್ತಿದ್ದ ಚುಕ್ಕೆಗಳ ಹಾಗೇ ಇಲ್ವಾ?" ಎಂದಳು. ಅಲ್ಲಿಯವರೆಗೆ ನನಗೆ ಆ ಯೋಚನೆಯೇ ಇರಲಿಲ್ಲ. ಆಮೇಲೆ ಬೇರೆ ಯೋಚನೆಯೇ ಬರಲಿಲ್ಲ. ಚರ್ಮದವು ಎಂದರೆ ಕೈಯವು. ಅಷ್ಟು ವರ್ಷ ಆ ಹಿಡಿಯನ್ನು ಹಿಡಿದ ಕೈ ಯಾರದು?

ಇಲ್ಲಿ ನಾನು ತಮ್ಮ ಆತಿಥ್ಯವನ್ನು ಹೊಗಳದಿದ್ದರೆ ಕೃತಘ್ನಳಾಗುತ್ತೇನೆ. ನಮ್ಮ ಯಜಮಾನರ ಕಡೆಯವರನ್ನು ಇಷ್ಟು ಚೆನ್ನಾಗಿ ಈ ತನಕ ಯಾರೂ ನೋಡಿಕೊಂಡಿರಲಿಲ್ಲ. ಒಬ್ಬೊಬ್ಬರಿಗೂ ಗಾಜಿನ ಪ್ರತ್ಯೇಕ ಮನೆ, ತಲೆಯ ಮೇಲೆ ಪಾರದರ್ಶಕ ಛಾವಣಿ, ಮಲಗಿದ ಹಾಸಿಗೆಯೇ ಊಟ, ಹಗಲೂ ರಾತ್ರಿ ಒಂದೇ ಹದದ ಬೆಚ್ಚಗೆ. ಸಾಲದ್ದಕ್ಕೆ, ಓದಿದವರೊಬ್ಬರು ದಿನಕ್ಕೆ ಎರಡು ಸಲ ಬಂದು ಎಷ್ಟು ಬೆಳೆದಿದ್ದಾರೆಂದು ಪ್ರೀತಿಯಿಂದ ನೋಡಿಕೊಂಡು ಹೋಗುವುದು. ಯಜಮಾನರ ಚಿಕ್ಕಪ್ಪ, ದೊಡ್ಡಪ್ಪಂದಿರು ಹುಟ್ಟುಹಬ್ಬಕ್ಕೆ ಬಂದರೆ ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವ ಮನೆ ನಮ್ಮದು. ತಮ್ಮ ಮುಂದೆ ನಾನು ತಲೆ ತಗ್ಗಿಸಬೇಕು.

ಆದರೆ ವರದಿಯ ಎರಡನೆಯ ಪುಟದಲ್ಲಿ ಒಂದು ಗಡುವಿತ್ತು. ಇನ್ನೆರಡು ಪರೀಕ್ಷೆ. ಅಷ್ಟರಲ್ಲಿ ಲಿಸ್ಟೀರಿಯಾ ಹೋಗದಿದ್ದರೆ ಗಾಡಿಯ ಜಾಗ ಹೋಗುತ್ತದೆ. ಜೂನ್ ತಿಂಗಳಲ್ಲಿ ವರ್ಷದ ಹೊಸ ಹೆರಿಂಗ್ ಬರುವ ಮೊದಲೇ ಅದು, ಸರದಿಯಲ್ಲಿ ಕಾಯುತ್ತಿರುವ ಕರಿದ ಆಲೂಗಡ್ಡೆಯವರ ಪಾಲಾಗುತ್ತದೆ. ಹೊಸ ಹೆರಿಂಗಿನ ವಾರಗಳೇ ನಮ್ಮ ಇಡೀ ವರ್ಷವನ್ನು ಸಾಕುವುದೆಂದು ತಮಗೆ ತಿಳಿದಿರಬಹುದು. ನೀಲ್ಚೆ ವರದಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಅಣ್ಣ ನಿಂತಿದ್ದ ಜಾಗದಲ್ಲಿ ಆಲೂಗಡ್ಡೆ! ಅದಕ್ಕಿಂತ ಕಟ್ಟೆ ಒಡೆದು ನೀರು ನುಗ್ಗಲಿ."

ಆದ್ದರಿಂದ ನಾವು ಚಾಕುವನ್ನು ಶುದ್ಧ ಮಾಡಲು ಹೊರಟೆವು. ಹೇಗೆಂದು ಯಾರನ್ನೂ ಕೇಳಲಿಲ್ಲ. ಈ ಊರಿನಲ್ಲಿ ಅದನ್ನು ಕೇಳುವುದೆಂದರೆ ನೀರು ಒದ್ದೆಯೇ ಎಂದು ಕೇಳಿದ ಹಾಗೆ. ಮೀನು ನೆನೆಸುವ ಉಪ್ಪುನೀರಿನ ಮೇಲೆ ಅನುಮಾನ ಪಟ್ಟವರು ನಮ್ಮಲ್ಲಿ ಹುಟ್ಟಿಲ್ಲ. ಗಾಯಕ್ಕೂ ಅದೇ, ಗಂಟಲು ನೋವಿಗೂ ಅದೇ. ನಮ್ಮ ಮಾವನವರಂತೂ ತಮ್ಮ ಹಲ್ಲಿನ ಸೆಟ್ಟನ್ನು ಹೆರಿಂಗಿನ ಉಪ್ಪುನೀರಿನಲ್ಲೇ ಅದ್ದಿಡುತ್ತಿದ್ದರು, ಮತ್ತು ಅವರ ಮುತ್ತಿಗೆ ಮೊಮ್ಮಕ್ಕಳೆಲ್ಲ ಓಡಿಹೋಗುತ್ತಿದ್ದರು. ನೀಲ್ಚೆ ಒಂದು ಡಬ್ಬಿಯ ತುಂಬ ಉಪ್ಪುನೀರು ಹಾಕಿ, ಚಾಕುವನ್ನು ಅದರಲ್ಲಿ ಮುಳುಗಿಸಿ, ಪ್ರತಿ ಸಂಜೆ ಗಾಡಿ ಮುಚ್ಚುವಾಗ ಫ್ರಿಜ್ಜಿನಲ್ಲಿಡುತ್ತಿದ್ದಳು. ಬೆಳಿಗ್ಗೆ ತೆಗೆದಾಗ ಅದು ಸಮುದ್ರಸ್ನಾನ ಮಾಡಿ ಬಂದವರ ಹಾಗೆ ತಾಜಾ ಆಗಿ ಕಾಣುತ್ತಿತ್ತು. ಶ್ರೀ ಹೋಯ್ಟಿಂಗಾ ಅವರು ಎರಡನೆಯ ಸಲ ಹತ್ತಿಕಡ್ಡಿ ಹಿಡಿದು ಬಂದಾಗ ನಾವಿಬ್ಬರೂ ಹೆಮ್ಮೆಯಿಂದ ಬದಿಗೆ ಸರಿದು ನಿಂತೆವು.

ತಮ್ಮ ಎರಡನೆಯ ವರದಿಯ ಪ್ರಕಾರ ಲಿಸ್ಟೀರಿಯಾ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು.

ಆ ವರದಿಯನ್ನು ಶ್ರೀ ಹೋಯ್ಟಿಂಗಾ ಅವರೇ ಕೈಯಲ್ಲಿ ಹಿಡಿದು ತಂದಿದ್ದರು. ನಾವು ಏನು ಮಾಡಿದೆವೆಂದು ಕೇಳಿ ತಿಳಿದುಕೊಂಡ ಮೇಲೆ ಅವರು ಸ್ವಲ್ಪ ಹೊತ್ತು ಬಂದರಿನ ದೋಣಿಗಳ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದರೆಂದು ನಾನು ಆರೋಪಿಸುವುದಿಲ್ಲ, ಗಾಳಿ ಜೋರಾಗಿತ್ತು.

"ಅಮ್ಮಾ, ಈ ಒಂದು ಬ್ಯಾಕ್ಟೀರಿಯಾ ಇದೆಯಲ್ಲ, ಇದಕ್ಕೆ ಉಪ್ಪು ಅಂದ್ರೆ ತೊಂದ್ರೆ ಇಲ್ಲ. ಚಳಿ ಅಂದ್ರೂ ತೊಂದ್ರೆ ಇಲ್ಲ. ಫ್ರಿಜ್ಜಲ್ಲಿ ಬೇರೆಯವೆಲ್ಲ ಮುದುಡ್ಕೊಂಡು ಮಲಗಿದ್ರೆ ಇದು ಆರಾಮಾಗಿ ಸಂಸಾರ ಬೆಳೆಸುತ್ತೆ."

"ಅಂದ್ರೆ ಉಪ್ಪುನೀರು, ಚಳಿ, ಹಸಿ ಮೀನು ಇಷ್ಟಿದ್ರೆ ಅದಕ್ಕೆ ಸಾಕು ಅಂತೀರಿ," ಎಂದಳು ನೀಲ್ಚೆ. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ಇದು ಹೊರಗಿಂದ ಬಂದಿದ್ದಲ್ಲ. ಇದು ನಮ್ಮೂರಿನದ್ದೇ."

"ತಮಾಷೆ ಅಲ್ಲಮ್ಮಾ," ಎಂದರು ಶ್ರೀ ಹೋಯ್ಟಿಂಗಾ, ದನಿ ಎತ್ತದೆ. "ನಮ್ಮ ನಿಮ್ಮಂಥವರಿಗೆ ಹೊಟ್ಟೆ ಕೆಟ್ಟು ಸರಿಹೋಗಬಹುದು. ಬಸುರಿ ಹೆಂಗಸರಿಗೆ, ವಯಸ್ಸಾದವರಿಗೆ ಹಾಗಲ್ಲ. ಮಗು ಹೋಗಬಹುದು. ಜೀವಾನೇ ಹೋಗಬಹುದು."

ಬಾಯಿಯ ಹತ್ತಿರ ಬಾಲ ಹಿಡಿದು ಎತ್ತಿದ್ದ ಮೀನನ್ನು ಆರ್ನೌಟ್ ಅವರು ಅಲ್ಲಿಯೇ ನಿಲ್ಲಿಸಿದರು. "ನನ್ನನ್ನ ಯಾವುದರಲ್ಲಿ ಸೇರಿಸಿದ್ರಿ ಸಾಹೇಬ್ರೇ? ವಯಸ್ಸಾದವರಲ್ಲಾ, ಬಸುರಿಯರಲ್ಲಾ?" ಎಲ್ಲರೂ ನಕ್ಕರು. ಆದರೆ ಅವರು ಮೀನನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಕೆಳಗಿಟ್ಟದ್ದನ್ನು ನಾನು ನೋಡಿದೆ. ಅಂದೇ ಗಾಡಿಯ ಬಾಗಿಲು ಹಾಕಿದೆ.

ಇನ್ನು ಉಳಿದದ್ದು ಒಂದೇ ಪರೀಕ್ಷೆ. ಅದಕ್ಕೂ ಮೊದಲು ತಮ್ಮದೊಂದು ಬೇಡಿಕೆ ಇತ್ತು. ರೋಗಾಣು ಹಿಡಿಯ ಬಿರುಕಿನ ಒಳಗಿನಿಂದಲೇ ಬರುತ್ತಿದೆಯೋ, ಗಾಡಿಯ ಬೇರೆ ಮೂಲೆಯಲ್ಲಿಯೂ ಇದೆಯೋ ಎಂದು ತಿಳಿಯಲು ಹಿಡಿಯನ್ನು ಸೀಳಿ ನೋಡಬೇಕು. ಅಲಗನ್ನು ನಾವು ಇಟ್ಟುಕೊಳ್ಳಬಹುದು. ಅದಕ್ಕೆ ಪ್ಲಾಸ್ಟಿಕ್ ಹಿಡಿ ಹಾಕಿಸಬಹುದು. ಮರದ ಹಿಡಿಯನ್ನು ಮಾತ್ರ ತಮಗೆ ಒಪ್ಪಿಸಬೇಕು. ಅದು ಹಿಂದಿರುಗಿ ಬರುವುದಿಲ್ಲ.

ನಾನು ಕೊಡುವುದಿಲ್ಲ ಎಂದೆ. ಮಾನ್ಯರೇ, ಇದು ತಮ್ಮ ಕಡತದಲ್ಲಿ "ಸಹಕಾರ ತೋರಲಿಲ್ಲ" ಎಂದು ದಾಖಲಾಗಿದೆಯಂತೆ. ಬಹಳ ಮರ್ಯಾದೆಯಿಂದ ಬರೆದಿದ್ದೀರಿ. ನೀಲ್ಚೆ ಮನೆಯಲ್ಲಿ ಬಳಸಿದ ಮಾತುಗಳು ಅಷ್ಟು ಮರ್ಯಾದೆಯವಾಗಿರಲಿಲ್ಲ.

"ಅತ್ತಿಗೆ, ಅಣ್ಣನ್ನ ಮಣ್ಣು ಮಾಡಿ ಬಂದಾಗ ನೀನು ಅಳಲಿಲ್ಲ. ಈಗ ಒಂದು ಮರದ ತುಂಡಿಗೆ ಹೀಗೆ ಕೂತಿದ್ದೀಯಲ್ಲ!"

"ಅವತ್ತು ಚಾಕು ನನ್ನ ಹತ್ರ ಇತ್ತು," ಎಂದೆ.

ಅವಳು ಕಾಫಿ ಮಾಡಲು ಹೋದಳು. ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ಹಾಕದೆ ಬಿಟ್ಟಳು. ನಮ್ಮ ಮನೆಯಲ್ಲಿ ಅದು ದೊಡ್ಡ ವಿಷಯ.

ಆ ದಿನಗಳಲ್ಲಿ ನಾನು ತಮಗೆ ಮನಸ್ಸಿನಲ್ಲೇ ಬಹಳ ಕಾಗದಗಳನ್ನು ಬರೆದೆ. ಒಂದರಲ್ಲಿ, ತಮ್ಮ ಬಳಿ ಇರುವ ಸೂಕ್ಷ್ಮದರ್ಶಕದ ಸಹಾಯದಿಂದ ಕೆಟ್ಟ ಮನೆತನದವರನ್ನು ಒಬ್ಬೊಬ್ಬರನ್ನಾಗಿ ಆರಿಸಿ ಹೊರಗಟ್ಟಿ, ನಮ್ಮವರನ್ನು ಮಾತ್ರ ಅದೇ ಹಿಡಿಯಲ್ಲಿ ಕೂರಿಸಿ ಕಳುಹಿಸಿಕೊಡಬೇಕೆಂದು ಕೋರಿದ್ದೆ. ಇನ್ನೊಂದರಲ್ಲಿ, ಭಾನುವಾರ ಮಧ್ಯಾಹ್ನ ನೆಂಟರಿಗೆ ತಟ್ಟೆ ನೋಡಲು ಅವಕಾಶವಿದೆಯೇ, ಹೂ ತರಬಹುದೇ ಎಂದು ವಿಚಾರಿಸಿದ್ದೆ. ಮತ್ತೊಂದರಲ್ಲಿ, ವೈಬ್ರಾಂಡ್ ಮೀನು ಸೀಳುವಾಗ ಶ್ರುತಿ ತಪ್ಪಿ ಶಿಳ್ಳೆ ಹಾಕುತ್ತಿದ್ದರಾದ್ದರಿಂದ, ತಮ್ಮ ಸಹೋದ್ಯೋಗಿಗಳಲ್ಲಿ ಸಂಗೀತಜ್ಞಾನ ಇಲ್ಲದ ಒಬ್ಬರನ್ನು ಆ ಪೆಟ್ಟಿಗೆಯ ಬಳಿ ನಿಲ್ಲಿಸಬೇಕೆಂದು ಬೇಡಿಕೊಂಡಿದ್ದೆ. ಯಾವುದನ್ನೂ ಕಳುಹಿಸಲಿಲ್ಲ. ಅಷ್ಟು ದೊಡ್ಡವರಿಗೆ ತೊಂದರೆ ಕೊಡಬಾರದು ಎನಿಸಿತು. ಈಗ ಎಲ್ಲವನ್ನೂ ಒಟ್ಟಿಗೆ ಕೊಡುತ್ತಿದ್ದೇನೆ.

ಹೊಸ ಹೆರಿಂಗ್ ಬರುವ ದಿನ ಹತ್ತಿರವಾಯಿತು. ಕಟ್ಟೆಯ ಉದ್ದಕ್ಕೂ ಪುಟ್ಟ ಬಾವುಟಗಳನ್ನು ಕಟ್ಟತೊಡಗಿದರು. ಆಲೂಗಡ್ಡೆಯವರು ಬಂದು ನಮ್ಮ ಗಾಡಿಯ ಅಗಲವನ್ನು ಹೆಜ್ಜೆ ಹಾಕಿ ಅಳೆದು ಹೋದರು. ಅಂಥ ಒಂದು ಮಧ್ಯಾಹ್ನ, ಮುಚ್ಚಿದ ಗಾಡಿಯನ್ನು ನಾವು ಕುದಿನೀರು ಹಾಕಿ ಉಜ್ಜುತ್ತಿದ್ದಾಗ, ಶ್ರೀ ಹೋಯ್ಟಿಂಗಾ ಅವರು ಚೀಲವಿಲ್ಲದೆ, ಹತ್ತಿಕಡ್ಡಿಯಿಲ್ಲದೆ, ಸೈಕಲ್ ತಳ್ಳಿಕೊಂಡು ಬಂದರು.

"ಕೇಳೋಣ ಅಂತ ಬಂದೆ ಅಮ್ಮಾ. ಆ ಹಿಡೀಲಿ ಅಂಥದ್ದೇನಿದೆ?"

ಅವರ ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಯನ್ನೇ ನಾನು ಕೇಳಿದೆ. "ಆ ಇನ್ನೊಂದು ಥರದ್ದು ಸಿಕ್ಕಿತ್ತಲ್ಲ, ಚರ್ಮದ್ದು. ಅವು ಅವರದಾ?"

ಅವರು ಸೈಕಲ್ಲನ್ನು ಗಾಡಿಗೆ ಒರಗಿಸಿದರು.

"ನೀವೂ ಆ ಚಾಕು ಹಿಡೀತಿದ್ರಿ ಅಲ್ವಾ?"

"ಹಿಡೀತಿದ್ದೆ."

"ಎಷ್ಟು ವರ್ಷ ಒಟ್ಟಿಗಿದ್ರಿ?"

"ಮೂವತ್ತು ದಾಟಿತ್ತು."

"ಒಂದೇ ಹಾಸಿಗೇಲಿ?"

"ಅಣ್ಣನ ಗೊರಕೆ ಜಾಸ್ತಿ ಆದ ದಿನ ಬಿಟ್ಟು," ಎಂದಳು ನೀಲ್ಚೆ ಒಳಗಿನಿಂದ.

"ಹಾಗಾದ್ರೆ ಅವರದಾ ನಿಮ್ಮದಾ ಅಂತ ನಮ್ಮ ಡಾಕ್ಟರ್ ಬಂದ್ರೂ ಹೇಳೋಕಾಗಲ್ಲಮ್ಮಾ. ಅಷ್ಟು ವರ್ಷ ಒಟ್ಟಿಗೆ ಇದ್ದವರದ್ದು ಒಂದಕ್ಕೊಂದು ಸೇರ್ಕೊಂಡು ಬಿಟ್ಟಿರುತ್ತೆ. ನಿಮ್ಮದು ಅವರ ಕೈಮೇಲಿತ್ತು. ಅವರದ್ದು ನಿಮ್ಮ ಕೈಮೇಲಿದೆ. ಈಗಲೂ."

ನಾನು ಕೈ ನೋಡಿಕೊಂಡೆ. ಬಿಸಿನೀರಿಗೆ ಕೆಂಪಾಗಿದ್ದ, ಹೆಂಗಸರ ಕೈ ಎಂದು ಯಾರೂ ಹೇಳದಂಥ ಕೈ. ಮೊದಲು ನನಗೆ ಸಂತೋಷವಾಯಿತು, ಆಮೇಲೆ ಗಾಬರಿಯಾಯಿತು.

"ನೀವು ಪ್ರತಿ ಮೀನಿಗೂ ಮುಂಚೆ ತೊಳೀರಿ ತೊಳೀರಿ ಅಂತೀರಲ್ಲ. ತೊಳೆದ್ರೆ ಹೋಗ್ಬಿಡಲ್ವಾ?"

"ಹೊರಗಿಂದ ಬಂದು ಅಂಟ್ಕೊಂಡಿದ್ದು ಹೋಗುತ್ತೆ. ಹೋಗ್ಬೇಕು. ಆದ್ರೆ ಅಲ್ಲೇ ಮನೆ ಮಾಡ್ಕೊಂಡಿರೋದು ಹೋಗಲ್ಲ. ಎಷ್ಟು ತೊಳೆದ್ರೂ ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಕೂತ್ಕೊಳ್ಳುತ್ತೆ."

"ಥೇಟ್ ಅಣ್ಣ!" ಎಂದಳು ನೀಲ್ಚೆ, ಉಜ್ಜುವ ಬ್ರಷ್ ಹಿಡಿದುಕೊಂಡು ಹೊರಗೆ ಬಂದು. "ಎಷ್ಟು ಸಲ ಆಚೆ ಅಟ್ಟಿದ್ರೂ ಕಾಫಿ ಹೊತ್ತಿಗೆ ಬಂದು ಕೂರ್ತಿದ್ದ."

ಹೀಗೆ ಹೇಳಿ ಅವಳೇ ಮುಖ ತಿರುಗಿಸಿಕೊಂಡಳು. ನಾನು ನಲ್ಲಿಯ ಹತ್ತಿರ ಹೋಗಿ, ತಮ್ಮ ಇಲಾಖೆಯ ಚಿತ್ರದಲ್ಲಿ ತೋರಿಸಿರುವ ಹಾಗೆಯೇ, ಬೆರಳ ಸಂದಿಗಳಲ್ಲಿ, ಉಗುರಿನ ಕೆಳಗೆ, ಮಣಿಕಟ್ಟಿನವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಒರೆಸಿಕೊಂಡು ಮನೆಗೆ ಹೋಗಿ ಚಾಕುವನ್ನು ತಂದು ಅವರ ಮುಂದಿಟ್ಟೆ. ಹಿಡಿಯಿಂದ ಅಲಗನ್ನು ಬಿಡಿಸಿದ್ದು ಅವರೇ. ನಾನು ನೋಡಲಿಲ್ಲ, ಬಾವುಟ ನೋಡುತ್ತಿದ್ದೆ.

ಮೂರನೆಯ ವರದಿಯಲ್ಲಿ ತಾವು ತಿಳಿಸಿದಂತೆ, ರೋಗವೆಲ್ಲ ಆ ಬಿರುಕಿನೊಳಗೇ ಇತ್ತು. ಗಾಡಿಯಲ್ಲಾಗಲಿ, ಹಲಗೆಯ ಮೇಲಾಗಲಿ, ಹಳೆ ಅಲಗಿಗೆ ಹಾಕಿಸಿದ ನೀಲಿ ಪ್ಲಾಸ್ಟಿಕ್ ಹಿಡಿಯ ಮೇಲಾಗಲಿ ಲಿಸ್ಟೀರಿಯಾ ಒಂದೂ ಕಂಡುಬರಲಿಲ್ಲ. ಜಾಗ ಉಳಿಯಿತು. ಹೊಸ ಹೆರಿಂಗಿನ ಮೊದಲ ದಿನ ಸಾಲು ಸೇತುವೆಯವರೆಗೆ ಹೋಗಿತ್ತು. ಬೇಕರಿಯವರ ಸೊಸೆ, ಏಳು ತಿಂಗಳ ಹೊಟ್ಟೆ ಹೊತ್ತವಳು, ಸಾಲಿನಲ್ಲಿ ನಿಂತು ಆಸೆಯಿಂದ ನೋಡಿದಳು. ಹಸಿ ಮೀನು ಹೆರಿಗೆಯಾದ ಮೇಲೆ ಎಂದು ನೀಲ್ಚೆ ಅವಳನ್ನು ಗದರಿಸಿ, ಕರಿದ ಮೀನು ಕೊಟ್ಟು ಕಳುಹಿಸಿದಳು. ನೀಲಿ ಹಿಡಿ ಹಲ್ಲುಜ್ಜುವ ಬ್ರಷ್ಷಿನ ಹಾಗಿದೆ ಎಂಬುದು ನೀಲ್ಚೆಯ ಅಭಿಪ್ರಾಯ. ನನ್ನ ಕೈಗೆ ಅದು ಇನ್ನೂ ಜಾರುತ್ತದೆ. ಆದರೆ ಪ್ರತಿ ಮೀನಿಗೂ ಮುಂಚೆ ಕೈ ತೊಳೆದು, ಒರೆಸಿಕೊಂಡು, ಒಂದು ಉಸಿರು ತಡೆದು ನಿಂತು, ವಾಪಸ್ ಬಂದು ಕೂರಲಿ ಎಂದು ಅವಕಾಶ ಕೊಟ್ಟು, ಆಮೇಲೆ ಚಾಕು ಎತ್ತಿಕೊಳ್ಳುತ್ತೇನೆ. ಗಿರಾಕಿಗಳು ಇದನ್ನು ಶುಚಿತ್ವ ಎಂದುಕೊಂಡಿದ್ದಾರೆ.

ಆದ್ದರಿಂದ ಮಾನ್ಯರೇ, ತಮ್ಮ ಕೆಲಸದ ಬಗ್ಗೆ ನನಗೆ ಆಕ್ಷೇಪವಿಲ್ಲ. ಆರ್ನೌಟ್ ಅವರು ದಿನವೂ ಎರಡು ಮೀನು ತಿಂದು ಇನ್ನೂ ಬದುಕಿರುವುದಕ್ಕೆ ತಾವೇ ಕಾರಣರಿರಬಹುದು, ಆ ಆಪಾದನೆಯನ್ನು ನೀಲ್ಚೆ ತಮ್ಮ ಮೇಲೆ ಹೊರಿಸಿಯೂ ಇದ್ದಾಳೆ. ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಯಾರ ಕಡೆಯವರನ್ನೇ ಆಗಲಿ ಹಬೆಗೆ ಕಳುಹಿಸುವ ಮುನ್ನ ಸಂಬಂಧಿಕರಿಗೆ ಒಂದು ಬೂದು ಅಂಚಿನ ಕಾರ್ಡು ಹಾಕಿ. ಒಬ್ಬರಿಗಾದರೂ ಆ ಹಬೆಯ ಯಂತ್ರದ ಬಳಿ ಟೋಪಿ ತೆಗೆದು ನಿಲ್ಲಲು ಅಪ್ಪಣೆ ಕೊಡಿ. ಯಂತ್ರ ನಿಂತ ಮೇಲೆ ಕಾಫಿ ಮತ್ತು ಒಂದೊಂದು ತುಂಡು ಕೇಕು ಕೊಡಿ. ಕೇಕು ತೆಳ್ಳಗಿದ್ದರೂ ಪರವಾಗಿಲ್ಲ, ಯಜಮಾನರ ಕಡೆಯವರಿಗೆ ಅಭ್ಯಾಸವಿದೆ.

ತೊಳೆದ ಕೈಯಿಂದಲೇ ಸಹಿ ಮಾಡಿರುವ,
ತಮ್ಮ ವಿಶ್ವಾಸಿ,
ಹಿಲ್ಲೆಗೊಂಡಾ ಕೋರ್ವಿಂಗ್
(ವೈಬ್ರಾಂಡ್ ಅವರ ಪರವಾಗಿಯೂ, ಬೆರೆತು ಹೋಗಿರುವುದರಿಂದ)

ಮರೆತ ಮಾತು: ಹೊಸ ಹೆರಿಂಗಿನ ದಿನ ಶ್ರೀ ಹೋಯ್ಟಿಂಗಾ ಅವರೂ ರಜೆಯ ಉಡುಪಿನಲ್ಲಿ ಬಂದು ಒಂದು ಮೀನು ತೆಗೆದುಕೊಂಡರು. ನೀಲ್ಚೆ ಚಮಚದಲ್ಲಿ ಹಾಕಿಕೊಡಲೆಂದು ಇಟ್ಟಿದ್ದ ಹೆಚ್ಚಿದ ಈರುಳ್ಳಿಯ ಬಟ್ಟಲಿಗೆ ಅವರು ಬಾಲ ಹಿಡಿದು ಮೀನನ್ನು ನೇರವಾಗಿ ಅದ್ದಿ, ಕಚ್ಚಿ, ಕಣ್ಣು ಮುಚ್ಚಿ ಸುಖಪಟ್ಟು, ಕಚ್ಚಿದ ಕಡೆಯಿಂದಲೇ ಇನ್ನೊಂದು ಸಲ ಅದ್ದಿದರು. ಸೇತುವೆಯವರೆಗಿನ ಸಾಲು ಇದನ್ನು ನೋಡಿದೆ. "ಸಾಹೇಬ್ರೇ, ನಿಮ್ಮ ಸಂಸಾರಕ್ಕೆ ಇಲ್ಲಿ ಜಾಗ ಇಲ್ಲ," ಎಂದು ನೀಲ್ಚೆ ಬಟ್ಟಲನ್ನು ಎತ್ತಿಕೊಂಡಳು. ಆ ಈರುಳ್ಳಿಯನ್ನು ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿ ಈ ಕಾಗದದ ಜೊತೆ ಕಳುಹಿಸಿದ್ದೇವೆ. ಪರೀಕ್ಷೆ ಮುಗಿದ ಮೇಲೆ ನಾಶಪಡಿಸುವುದಕ್ಕೆ ನಮ್ಮದೇನೂ ಅಭ್ಯಂತರವಿಲ್ಲ. ಅವರ ಹೆಂಡತಿಯನ್ನು ಮಾತ್ರ ಒಂದು ಮಾತು ಕೇಳಿಬಿಡಿ.